ಮುತ್ತನ್‌ಮುಡಿಯ ಮಳೆ

ಎರಡು ವರ್ಷ ಮಳೆ ಮರ್ಯಾದೆಯಿಂದ ಸುರಿದದ್ದೇ ಉಪೇಂದ್ರನಿಗೆ ಆದ ಅನ್ಯಾಯ. ಜೂನ್‌ನಲ್ಲಿ ಬರಬೇಕಾದದ್ದು ಜೂನ್‌ನಲ್ಲೇ ಬಂತು, ಹೊತ್ತಿಗೆ ಸರಿಯಾಗಿ ಗಂಟುಮೂಟೆ ಕಟ್ಟಿಕೊಂಡು ಹೋಯಿತು. ನದಿ ದಂಡೆ ಮೀರಲಿಲ್ಲ, ಯಾರ ಅಂಗಳಕ್ಕೂ ನೀರು ನುಗ್ಗಲಿಲ್ಲ. ಊರೆಲ್ಲ ದೇವರಿಗೆ ಕೈ ಮುಗಿಯುತ್ತಿದ್ದಾಗ ಉಪೇಂದ್ರ ಒಬ್ಬನೇ ಒಳಗೊಳಗೆ ಹಲ್ಲು ಕಡಿಯುತ್ತಿದ್ದ. ಅವನು ವರ್ಷಗಟ್ಟಲೆ ಕೂತು ಕಟ್ಟಿದ ವ್ಯವಸ್ಥೆಯ ಕೆಲಸವೇ ಪ್ರವಾಹ ಬರುವ ಮೊದಲು ಎಚ್ಚರಿಸುವುದು. ಬಾರದ ಪ್ರವಾಹದ ಬಗ್ಗೆ ಅದು ಏನೆಂದು ಹೇಳಬೇಕು?

ವ್ಯವಸ್ಥೆ ಚೆನ್ನಾಗಿಯೇ ಇತ್ತು. ಬೆಟ್ಟಗಳ ಮೇಲೆ ಮಳೆಮಾಪಕಗಳು, ನದಿಯಲ್ಲಿ ನೀರಿನ ಮಟ್ಟ ನೋಡುವ ಸೆನ್ಸರ್‌ಗಳು, ಕೂವಪ್ಪಾರದ ಸಣ್ಣ ಅಣೆಕಟ್ಟಿನ ಗೇಟುಗಳಿಗೆ ಮೋಟಾರು. ಎಲ್ಲದರ ಅಂಕಿ ಅಂಶಗಳೂ ಕಳಮಶ್ಶೇರಿಯ ಕಂಟ್ರೋಲ್ ರೂಮಿಗೆ ಬಂದು ಸೇರುತ್ತಿದ್ದವು. ಬೇಸಿಗೆಯಲ್ಲಿ ಕೊಚ್ಚಿಯ ಯಾವ ಭಾಗಕ್ಕೆ ಎಷ್ಟು ನೀರು ಎಂದು ಹಂಚುವುದೂ ಅದೇ. ಮೇಲೆ ಮಳೆ ಮಿತಿ ಮೀರಿದರೆ ಯಾರನ್ನೂ ಕೇಳದೆ ಸೈರನ್ ಕೂಗಿಸಿ, ಗೇಟು ಎತ್ತಿ, ಬರಲಿರುವ ನೀರಿಗೆ ಜಾಗ ಮಾಡಿಕೊಳ್ಳುವುದೂ ಅದೇ. ಈ ಎರಡನೆಯ ಕೆಲಸ ಮಾಡುವ ಸಂದರ್ಭ ಅದಕ್ಕೆ ಒಮ್ಮೆಯೂ ಬಂದಿರಲಿಲ್ಲ. ಆಫೀಸಿನಲ್ಲಿ ಎಲ್ಲರೂ ಅದನ್ನು ‘ಅಮ್ಮಾವನ್’ ಎನ್ನುತ್ತಿದ್ದರು. ಮಲಯಾಳಂನಲ್ಲಿ ಹಾಗೆಂದರೆ ಸೋದರಮಾವ. ಮೂಲೆಯಲ್ಲಿ ಕೂತು ಊಟ ಮಾಡುತ್ತಾನೆ, ಬಾಯಿ ಮಾತ್ರ ಬಿಡುವುದಿಲ್ಲ ಎಂದು ಅದರ ಅರ್ಥ.

ತಿರುವನಂತಪುರದ ಮುಖ್ಯ ಕಚೇರಿಯಿಂದ ಬಂದ ಸುದ್ದಿಯೂ ಅದೇ ಧಾಟಿಯಲ್ಲಿತ್ತು. ದಿಲ್ಲಿಯ ತಜ್ಞರೊಬ್ಬರು ಬಂದು ಪರಿಶೀಲಿಸುತ್ತಾರೆ, ಉಪಯೋಗ ಕಾಣದಿದ್ದರೆ ಯೋಜನೆ ಇಲ್ಲಿಗೆ ಮುಗಿಯುತ್ತದೆ. ಯೋಜನೆ ಮುಗಿದರೆ ಗುತ್ತಿಗೆಯ ವಿಜ್ಞಾನಿ ಉಪೇಂದ್ರನೂ ಮುಗಿದ. ಅವನ ಜೊತೆ, ಆಸ್ಪತ್ರೆಯ ಖರ್ಚು ಭರಿಸಲು ಸಂಸ್ಥೆ ಕೊಟ್ಟ ಕಾರ್ಡೂ ಮುಗಿಯಿತು.

ಉಪೇಂದ್ರ ಹೆದರಿದ್ದು ಆ ಕಾರ್ಡಿಗಾಗಿ. ಹೆಂಡತಿ ಚಂದ್ರಾವತಿಯ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಕೊಚ್ಚಿಯ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಕಸಿಗಾಗಿ ಹೆಸರು ಬರೆಸಿ, ಸರದಿ ತೆವಳುತ್ತಾ ತೆವಳುತ್ತಾ ಈಗ ಮೇಲಕ್ಕೆ ಬಂದಿತ್ತು. ಇನ್ನು ಯಾವಾಗ ಬೇಕಾದರೂ ಕರೆ ಬರಬಹುದು ಎಂದು ಡಾಕ್ಟರೇ ಹೇಳಿದ್ದರು. ಕರೆ ಬಂದ ದಿನ ಕಾರ್ಡು ಜೀವಂತ ಇರಬೇಕು. ತಮ್ಮೂರು ಪುತ್ತೂರಿಗೆ ವಾಪಸು ಹೋದರೆ ಬೇರೆ ರಾಜ್ಯ, ಬೇರೆ ಸರದಿ, ಮೊದಲಿಂದ ಶುರು. ಅಷ್ಟು ದಿನ ಅವಳ ಮೈ ತಡೆಯುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಇಬ್ಬರೂ ಆ ಮಾತು ಎತ್ತುತ್ತಿರಲಿಲ್ಲ.

ಅವಳಿಗೆ ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಕಟ್ಟು ಮಾಡಿದ್ದರು. ಒಂದು ಪುಟ್ಟ ಬಾಟಲಿ, ಚಹಾ ಸಾರು ಎಲ್ಲ ಸೇರಿ ಅದರಲ್ಲೇ. ಎಪ್ರಿಲ್ ಮೇ ತಿಂಗಳ ಕೊಚ್ಚಿಯ ಸೆಕೆಯಲ್ಲಿ ಅವಳು ಬಾಯಿಗೆ ಐಸಿನ ಚೂರು ಇಟ್ಟುಕೊಂಡು ಕಿಟಕಿಯ ಹತ್ತಿರ ಕೂತಿರುವುದನ್ನು ನೋಡಲಾಗದೆ ಉಪೇಂದ್ರ ಅಡುಗೆಮನೆಗೆ ಹೋಗಿ ಸುಮ್ಮನೆ ನಿಲ್ಲುತ್ತಿದ್ದ. ಇಡೀ ನದಿಯ ನೀರಿನ ಲೆಕ್ಕ ಅವನ ಕೈಯಲ್ಲಿತ್ತು. ಹೆಂಡತಿಗೆ ಒಂದು ಲೋಟ ಹೆಚ್ಚು ಕೊಡುವ ಹಾಗಿರಲಿಲ್ಲ.

ಆದರೂ ಬೆಳಿಗ್ಗೆ ಎದ್ದು ಅವನಿಗೆ ನೀರು ಕಾಯಿಸುವುದನ್ನು ಅವಳು ಬಿಡಲಿಲ್ಲ. ಕೇರಳಕ್ಕೆ ಬಂದ ಹೊಸದರಲ್ಲಿ, ಆಲುವಾದ ಒಂದು ಹೋಟೆಲಿನಲ್ಲಿ, ಸಪ್ಲೈಯರ್ ತಂದಿಟ್ಟ ಗುಲಾಬಿ ಬಣ್ಣದ ಬಿಸಿನೀರು ನೋಡಿ ಅವಳು ಅವನ ಮೊಣಕೈ ತಿವಿದಿದ್ದಳು. “ಇದೆಂತ ಮಾರಾಯ್ರೆ, ಯಾರೋ ಕೆಂಪು ಸೀರೆ ನೆನೆಹಾಕಿದ ನೀರಾ?” ಪತಿಮುಗಂ ಎಂಬ ಮರದ ಚಕ್ಕೆ ಹಾಕಿ ಕುದಿಸುತ್ತಾರೆ, ಇಲ್ಲಿ ಎಲ್ಲರೂ ಕುಡಿಯುವುದು ಇದನ್ನೇ ಎಂದು ತಿಳಿದ ಮೇಲೂ ಇಬ್ಬರೂ ಆ ದಿನ ಸೋಡಾ ತರಿಸಿಕೊಂಡಿದ್ದರು. ಆಮೇಲೆ ಪಕ್ಕದ ಮನೆಯ ಚೇಚಿ, ಅಂದರೆ ಅಕ್ಕ, ಒಂದು ಪೊಟ್ಟಣ ಕೊಟ್ಟಳು, ಆಮೇಲೆ ಇವಳೇ ಕೊಳ್ಳತೊಡಗಿದಳು. ಈಗ ಅದು ಅವರ ಮನೆಯ ನೀರು. ದೊಡ್ಡ ಸ್ಟೀಲ್ ಫ್ಲಾಸ್ಕಿನ ಕಂಠದವರೆಗೆ ತುಂಬಿಸಿ ಅವನ ಕೈಗಿಡುವಾಗ ಅವಳು ದಿನಾ ಹೇಳುವ ಮಾತು ಒಂದೇ.

“ನನ್ನ ಪಾಲಿನದ್ದೂ ಸೇರಿಸಿ ನೀವೇ ಕುಡಿಯಿರಿ, ಆಯ್ತಾ? ಸಂಜೆಗೆ ಫ್ಲಾಸ್ಕ್ ಖಾಲಿ ಇರ್ಬೇಕು. ನಾನು ನೋಡ್ತೇನೆ.”

ಸಂಜೆ ಅವಳು ನಿಜಕ್ಕೂ ಮುಚ್ಚಳ ತೆಗೆದು ನೋಡುತ್ತಿದ್ದಳು. ಉಳಿದಿದ್ದರೆ ಮುಖ ಸಣ್ಣಗಾಗುತ್ತಿತ್ತು. ಹಾಗಾಗಿ ಬಾಯಾರಿಕೆ ಇಲ್ಲದಿದ್ದರೂ ಅವನು ಕುಡಿದು ಮುಗಿಸುತ್ತಿದ್ದ.

ಉಪಾಯ ಹೊಳೆದದ್ದು ಮುತ್ತನ್‌ಮುಡಿ ಬೆಟ್ಟದ ಮಳೆಮಾಪಕವನ್ನು ವರ್ಷಕ್ಕೊಮ್ಮೆ ಪರೀಕ್ಷಿಸುವಾಗ. ಮೇಲೆ ಒಂದು ಅಗಲವಾದ ಆಲಿಕೆ, ಕೆಳಗೆ ಎರಡು ಪುಟ್ಟ ಬಟ್ಟಲು. ಒಂದು ತುಂಬಿದರೆ ಟಕ್ಕೆಂದು ಮಗುಚಿ ಇನ್ನೊಂದು ಮೇಲೆ ಬರುತ್ತದೆ. ಎಷ್ಟು ಸಲ ಟಕ್ ಎಂದಿತೋ ಅಷ್ಟು ಮಳೆ. ಪರೀಕ್ಷೆಗೆಂದು ಅವನು ಅಳತೆಯ ನೀರು ಸುರಿಯುತ್ತಿದ್ದಂತೆ ಲ್ಯಾಪ್‌ಟಾಪಿನಲ್ಲಿ ಮಳೆ ಏರುತ್ತಾ ಹೋಯಿತು. ಒಂದು ಸಣ್ಣ ಕ್ಯಾನು ಖಾಲಿಯಾಗುವಷ್ಟರಲ್ಲಿ ಅಲ್ಲಿ ಮೋಡ ಒಡೆದು ಬಿದ್ದಿತ್ತು. ಪರೀಕ್ಷೆಯ ಗುಂಡಿ ಒತ್ತಿರದಿದ್ದರೆ ಕೂವಪ್ಪಾರದ ಗೇಟುಗಳು ಎದ್ದು ನಿಲ್ಲುತ್ತಿದ್ದವು. ಒಂದು ಕಣಿವೆಯನ್ನು ಮುಳುಗಿಸುವ ಮಳೆ ಒಂದು ಕ್ಯಾನಿನಲ್ಲಿ ಹಿಡಿಸುತ್ತದೆ! ಉಪೇಂದ್ರ ನಕ್ಕ. ಇಳಿಯುವಾಗ ದಾರಿಯಲ್ಲಿ ನಗು ನಿಂತಿತು.

ಆಮೇಲೆ ಅವನು ಯೋಚಿಸಿದ್ದು ಬಲು ತಣ್ಣಗೆ. ಕಂಪ್ಯೂಟರಿನಲ್ಲಿ ಅಂಕಿ ತಿದ್ದುವುದು ಮೂರ್ಖರ ಕೆಲಸ. ಯಾರು, ಯಾವಾಗ, ಎಲ್ಲಿಂದ ಒಳಗೆ ಬಂದರು ಎಂಬುದೆಲ್ಲ ಅಲ್ಲಿ ದಾಖಲಾಗುತ್ತದೆ. ದಾಖಲಾಗುವಂತೆ ಮಾಡಿದವನೂ ಅವನೇ. ಬದಲಿಗೆ ಸೆನ್ಸರಿಗೆ ನಿಜವಾದ ನೀರನ್ನೇ ಕುಡಿಸಿದರೆ ಅದು ಸುಳ್ಳು ಹೇಳುವುದಿಲ್ಲ, ತಾನು ಕಂಡದ್ದನ್ನೇ ಹೇಳುತ್ತದೆ. ಸುತ್ತಲಿನ ಬೇರೆ ಮಾಪಕಗಳಲ್ಲಿ ಮಳೆಯಿಲ್ಲದಿದ್ದರೆ ವ್ಯವಸ್ಥೆ ಅನುಮಾನ ಪಡುತ್ತದೆ, ನಿಜ. ಆದರೆ ಮುತ್ತನ್‌ಮುಡಿ ಎರಡು ಬೆಟ್ಟಗಳ ಸಂದಿಯಲ್ಲಿದೆ, ಹವಾಮಾನದ ರೇಡಾರಿನ ಕಣ್ಣಿಗೂ ಬೀಳುವುದಿಲ್ಲ. ಅಲ್ಲಿ ಮಾತ್ರ ಅಕ್ಕಪಕ್ಕ ವಿಚಾರಿಸದೆ ಹೇಳಿದ್ದನ್ನು ನಂಬಬೇಕು ಎಂಬ ವಿನಾಯಿತಿಯನ್ನು ಅವನೇ, ಒಳ್ಳೆಯ ಮನಸ್ಸಿನಿಂದಲೇ, ಹಿಂದೆ ಯಾವಾಗಲೋ ಬರೆದಿಟ್ಟಿದ್ದ.

ಇನ್ನೊಂದು ನಿಯಮವೂ ಅವನದೇ. ವಿಪರೀತ ಮಳೆ ದಾಖಲಾದರೆ ಒಬ್ಬರು ಬೆಟ್ಟ ಹತ್ತಿ ಮಾಪಕ ಬಿಚ್ಚಬೇಕು. ಮಗುಚಿದ ನೀರೆಲ್ಲ ಕೆಳಗಿನ ಪಾರದರ್ಶಕ ಜಾರಿನಲ್ಲಿ ಸೇರಿರುತ್ತದೆ. ಜಾರಿನ ಅಳತೆ ಯಂತ್ರದ ಎಣಿಕೆಗೆ ಹೊಂದುತ್ತದೆಯೇ ನೋಡಿ ಫೋಟೋ ತೆಗೆಯಬೇಕು. ಕಳ್ಳರನ್ನು ಹಿಡಿಯಲು ಮಾಡಿದ ನಿಯಮವದು. ಉಪೇಂದ್ರನಿಗೆ ಈಗ ಅದು ಸಾಕ್ಷಿಯಾಗಿ ಬೇಕಾಗಿತ್ತು. ನಿಜವಾದ ನೀರು ಸುರಿದಿರುವಾಗ ಅಳತೆ ತಪ್ಪುವುದು ಹೇಗೆ?

ಎಂಥ ನೀರು ಎಂಬುದನ್ನೂ ಅವನು ಯೋಚಿಸಿದ. ನಲ್ಲಿ ನೀರಾದರೆ ಕ್ಲೋರಿನ್, ಹೊಳೆ ನೀರಾದರೆ ಮಣ್ಣು. ಮೇ ತಿಂಗಳಲ್ಲಿ ಒಂದು ಸಂಜೆ ಗುಡುಗು ಮಳೆ ಬಂದಾಗ ತಾರಸಿಯ ಮೇಲೆ ಅಗಲವಾದ ಪಾತ್ರೆಗಳನ್ನಿಟ್ಟು ಮಳೆನೀರು ಹಿಡಿದ. ಸೋಸಿ ಕ್ಯಾನಿಗೆ ತುಂಬಿಸಿದ. ಯಾವ ಪ್ರಯೋಗಾಲಯಕ್ಕೆ ಕಳಿಸಿದರೂ ಅದು ಮಳೆಯೇ. ಈ ಒಂದು ವಿಷಯದಲ್ಲಿ ಅವನಿಗೆ ತನ್ನ ಮೇಲೆ ಸ್ವಲ್ಪ ಹೆಮ್ಮೆಯೂ ಆಯಿತು. ಒಮ್ಮೆಗೇ ಸುರಿದರೆ ಮಳೆಯ ಹಾಗಿರುವುದಿಲ್ಲವೆಂದು ಆಸ್ಪತ್ರೆಯಿಂದ ತಂದಿದ್ದ ಡ್ರಿಪ್ ಪೈಪನ್ನು ಕ್ಯಾನಿಗೆ ಜೋಡಿಸಿದ. ಚಕ್ರ ತಿರುಗಿಸಿದರೆ ತುಂತುರು, ಇನ್ನಷ್ಟು ತಿರುಗಿಸಿದರೆ ಜಡಿಮಳೆ.

ಯಾರಿಗೆ ತೊಂದರೆ? ಸೈರನ್ ಕೂಗಿ, ಹೊಳೆಯಲ್ಲಿ ಇಳಿದವರೆಲ್ಲ ಮೇಲೆ ಬಂದ ಮೇಲೆಯೇ ಗೇಟು ಏಳುವುದು. ಜೀವಕ್ಕೆ ಅಪಾಯವಿಲ್ಲ. ಅಣೆಕಟ್ಟಿನಲ್ಲಿ ಬೇಸಿಗೆಗೆಂದು ಉಳಿಸಿದ ನೀರು ಸಮುದ್ರಕ್ಕೆ ಹೋಗುತ್ತದೆ. ಕೊಳಾಯಿಯ ಕಟ್ಟಕಡೆಯ ತುದಿಯಲ್ಲಿರುವ ಫೋರ್ಟ್ ಕೊಚ್ಚಿಯವರಿಗೆ ಮಳೆಗಾಲ ಹಿಡಿಯುವವರೆಗೆ ಕಷ್ಟವಾಗುತ್ತದೆ. ಡಯಾಲಿಸಿಸ್‌ಗೆ ರಾಶಿ ನೀರು ಬೇಕು, ಆದರೆ ಆ ಆಸ್ಪತ್ರೆಗೆ ಸ್ವಂತ ಬಾವಿ ಇತ್ತು. ಅದನ್ನು ಅವನು ಮೊದಲೇ ವಿಚಾರಿಸಿಕೊಂಡಿದ್ದ. ಫೋರ್ಟ್ ಕೊಚ್ಚಿಯವರ ಬಾವಿಯ ಬಗ್ಗೆ ವಿಚಾರಿಸಲಿಲ್ಲ. ನಾಚಿಕೆಯಾಯಿತು. ನಾಚಿಕೆಯನ್ನು ಆಮೇಲೆ ನೋಡಿಕೊಳ್ಳೋಣ ಎಂದುಕೊಂಡ.

ಎಲ್ಲಕ್ಕಿಂತ ಚೆಂದದ ಸಂಗತಿ ಕೊನೆಯದು. ನೀರು ಮೊದಲೇ ಬಿಟ್ಟಿದ್ದರಿಂದ ಪ್ರವಾಹ ಬರಲಿಲ್ಲ ಎಂದರೆ ಯಾರೂ ಅಲ್ಲಗಳೆಯುವಂತಿಲ್ಲ. ಬಾರದ ಪ್ರವಾಹವನ್ನು ನಿಲ್ಲಿಸಿದವನನ್ನು ಸುಳ್ಳುಗಾರ ಎನ್ನಲು ಯಾರ ಹತ್ತಿರ ಏನು ಆಧಾರವಿದೆ?

ಬೆಟ್ಟಗಳಲ್ಲಿ ಮೋಡ, ಅಲ್ಲಲ್ಲಿ ಮಳೆ ಎಂದು ಮುನ್ಸೂಚನೆ ಇದ್ದ ಒಂದು ಡಯಾಲಿಸಿಸ್ ದಿನವನ್ನು ಅವನು ಆರಿಸಿಕೊಂಡ. ಅವಳು ಒಳಗೆ ಹೋದರೆ ಹೊರಬರಲು ಮಧ್ಯಾಹ್ನವೆಲ್ಲ ಬೇಕು. ವಾರ್ಡಿನ ಹೊರಗಿನ ಬೆಂಚಿನಲ್ಲಿ ಅವನು ಯಾವಾಗಲೂ ಕೂತಿರುತ್ತಾನೆಂದು ನರ್ಸುಗಳಿಗೆಲ್ಲ ಗೊತ್ತು. ಒಳಗೆ ಫೋನ್ ಸದ್ದು ಮಾಡಬಾರದು ಎಂಬ ಕಟ್ಟುನಿಟ್ಟೂ ಇತ್ತು. ಫೋನನ್ನು ಸೈಲೆಂಟ್ ಮಾಡಿ ಅವಳ ಚೀಲದ ತಳದಲ್ಲಿಟ್ಟ. ಫೋನ್ ಇದ್ದಲ್ಲಿ ಉಪೇಂದ್ರ ಇದ್ದ.

“ಎಂತ ಮುಖ ಹೀಗೆ ಮಾಡಿದ್ದೀರಿ?” ಸ್ಟ್ರೆಚರಿನಲ್ಲಿ ಮಲಗುತ್ತಾ ಚಂದ್ರಾವತಿ ಕೇಳಿದಳು.

“ಎಂತದ್ದೂ ಇಲ್ಲ. ನೀನು ನಿದ್ದೆ ಮಾಡು.”

“ಫ್ಲಾಸ್ಕ್ ಅಲ್ಲುಂಟು ನೋಡಿ. ಮರೀಬೇಡಿ ಮತ್ತೆ.”

ಮರೆಯಲಿಲ್ಲ. ಸ್ಕೂಟರಿನ ಡಿಕ್ಕಿಯಲ್ಲಿ ಕ್ಯಾನು, ಹೆಗಲ ಚೀಲದಲ್ಲಿ ಫ್ಲಾಸ್ಕು. ಬೆಟ್ಟದ ಬುಡದಲ್ಲಿ ಗಾಡಿ ನಿಲ್ಲಿಸಿ, ರಬ್ಬರ್ ತೋಟದ ನಡುವೆ ಹತ್ತಿ ಮಾಪಕದ ಬಳಿ ಬಂದಾಗ ಮಂಜು ಕವಿದು ಚಾಚಿದ ಕೈ ಕಾಣದಂತಾಗಿತ್ತು. ಅವನಿಗೆ ಬೇಕಾದದ್ದೂ ಅದೇ. ಕ್ಯಾನನ್ನು ಪಕ್ಕದ ಕಂಬಕ್ಕೆ ತೂಗುಹಾಕಿ, ಪೈಪನ್ನು ಆಲಿಕೆಗೆ ಬಿಟ್ಟು, ಚಕ್ರ ತಿರುಗಿಸಿದ. ಟಕ್. ಸ್ವಲ್ಪ ಹೊತ್ತಿಗೆ ಇನ್ನೊಂದು ಟಕ್. ಪೆಟ್ಟಿಗೆಯ ಮೇಲಿನ ಹಸಿರು ದೀಪ ಉರಿಯುತ್ತಲೇ ಇತ್ತು. ಮಿತಿ ದಾಟಿದ ಕ್ಷಣ ಅದು ಕೆಂಪಾಗುತ್ತದೆ. ಅವನು ರೈನ್‌ಕೋಟಿನ ಟೊಪ್ಪಿ ಎಳೆದುಕೊಂಡು ದೀಪ ನೋಡುತ್ತಾ ಕುಕ್ಕರಗಾಲಲ್ಲಿ ಕೂತ.

ಗಾಳಿ ಬರುತ್ತದೆಂದು ಅವನು ಲೆಕ್ಕ ಹಾಕಿದ್ದ. ಜಿಗಣೆ ಕಚ್ಚುತ್ತದೆಂದು ಹಾಕಿರಲಿಲ್ಲ. ಕುತ್ತಿಗೆಯಲ್ಲಿ ಏನೋ ತಣ್ಣಗೆ ಹರಿದಂತಾಗಿ ಬೆಚ್ಚಿ ಎದ್ದವನ ಭುಜ ತಾಗಿ ಕ್ಯಾನು ಕೊಕ್ಕೆಯಿಂದ ಕಳಚಿ ಕೆಳಗೆ ಬಿತ್ತು. ಹಿಡಿಯುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ನೀರು ಹುಲ್ಲಿನೊಳಗೆ ಇಂಗಿತ್ತು. ಉಳಿದದ್ದನ್ನು ಆಲಿಕೆಗೆ ಇಳಿಸಿದ. ಕೊನೆಯ ಹನಿಯೂ ಹೋಯಿತು. ದೀಪ ಹಸಿರೇ ಇತ್ತು.

ಉಪೇಂದ್ರನಿಗೆ ಅಳು ಬಂತು. ಸುತ್ತಮುತ್ತ ತೊರೆಯಿಲ್ಲ, ಮೋಡ ಮೈಗೆ ತಾಗುತ್ತಿದ್ದರೂ ಒಂದು ಹನಿ ಮಳೆಯಿಲ್ಲ. ಇವತ್ತು ಬಿಟ್ಟರೆ ದಿಲ್ಲಿಯವರು ಬರುವ ಮೊದಲು ಇಂಥ ಇನ್ನೊಂದು ದಿನ ಸಿಗುವುದಿಲ್ಲ. ಮಳೆ ಮಧ್ಯದಲ್ಲಿ ನಿಂತು ಹೋದರೆ ಎಣಿಕೆ ಮತ್ತೆ ಸೊನ್ನೆಯಿಂದ. ಆಸ್ಪತ್ರೆಯ ಮಂಚದಲ್ಲಿ ತೋಳಿಗೆ ಸೂಜಿ ಚುಚ್ಚಿಸಿಕೊಂಡು ಮಲಗಿದವಳು ನೆನಪಾದಳು. ಹುಲ್ಲಿನಲ್ಲಿ ಕೂತಾಗ ಹೆಗಲ ಚೀಲ ಭಾರವಾಗಿ ತಾಗಿತು.

ಫ್ಲಾಸ್ಕು! ಕಂಠದವರೆಗೆ ತುಂಬಿದ ಫ್ಲಾಸ್ಕು, ಇನ್ನೂ ಒಂದು ಗುಟುಕೂ ಕುಡಿದಿರಲಿಲ್ಲ. ಕುದಿಸಿ ಸೋಸಿದ ನೀರು, ಕ್ಲೋರಿನ್ ಇಲ್ಲ, ಮಣ್ಣಿಲ್ಲ. ಅವನು ಕಣ್ಣು ದೀಪದಿಂದ ತೆಗೆಯದೆ, ಕಿವಿಯನ್ನು ಟಕ್ ಟಕ್‌ಗೆ ಕೊಟ್ಟು, ಮುಚ್ಚಳದಲ್ಲಿ ಸ್ವಲ್ಪ ಸ್ವಲ್ಪವೇ ಬಗ್ಗಿಸಿ ಸುರಿದ. ತಳ ಕಾಣುವ ಹೊತ್ತಿಗೆ ದೀಪ ಕೆಂಪಾಯಿತು.

ಆಸ್ಪತ್ರೆಗೆ ಬಂದು ಬೆಂಚಿನಲ್ಲಿ ಕೂತಾಗ ಚಂದ್ರಾವತಿಯನ್ನು ಇನ್ನೂ ಹೊರಗೆ ತಂದಿರಲಿಲ್ಲ. ಆಮೇಲೆ ಚೀಲದಿಂದ ಫೋನ್ ತೆಗೆದು ನೋಡಿದರೆ ಕಂಟ್ರೋಲ್ ರೂಮಿನ ಅಜಿತ್‌ನ ಕರೆಗಳು ಸಾಲುಗಟ್ಟಿದ್ದವು. ಅಜಿತ್ ಅವನ ಜೊತೆಯ ಎಂಜಿನಿಯರ್. ಅಪ್ಪ ಶಿವಮೊಗ್ಗದಿಂದ ತಿರುವನಂತಪುರದ ತುಂಬಾ ರಾಕೆಟ್ ಕೇಂದ್ರಕ್ಕೆ ಬಂದ ವಿಜ್ಞಾನಿ, ಮಗ ಅಲ್ಲೇ ಹುಟ್ಟಿ ಬೆಳೆದವನು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳಂನಲ್ಲಿ ಬರುತ್ತದೆ. ಉಪೇಂದ್ರ ಅವನಿಗೆ ತಿರುಗಿ ಕರೆ ಮಾಡಿದ.

“ಸರ್, ಎವಿಡೆಯಾಯಿರುನ್ನು? ಅಮ್ಮಾವನ್ ಬಾಯಿ ಬಿಟ್ಟ ಸರ್! ಗೇಟು ಎದ್ದಿತು!” ಸಂತೋಷಕ್ಕೆ ಅವನ ಬಾಯಲ್ಲಿ ಕನ್ನಡವೇ ಬಂದುಬಿಟ್ಟಿತ್ತು. “ಅಡಿಪೊಳಿ ಸರ್, ಭರ್ಜರಿ!”

“ವಾರ್ಡಿನಲ್ಲಿದ್ದೆ ಅಜಿತ್, ಫೋನ್ ನೋಡಲಿಲ್ಲ,” ಎಂದ ಉಪೇಂದ್ರ. ದನಿ ಅವನು ಬಯಸಿದಂತೆಯೇ ಸುಸ್ತಾಗಿ ಬಂತು.

ಚಂದ್ರಾವತಿ ಮನೆಯಲ್ಲಿ ಮೊದಲು ಫ್ಲಾಸ್ಕಿನ ಮುಚ್ಚಳ ತೆಗೆದಳು. ಖಾಲಿ. “ಇವತ್ತು ಒಳ್ಳೆ ಬುದ್ಧಿ ಬಂದಿದೆ,” ಎಂದು ಅವನ ಬೆನ್ನು ತಟ್ಟಿದಳು.

ಆಮೇಲಿನ ದಿನಗಳು ಅವನು ಬರೆದುಕೊಟ್ಟಂತೆ ನಡೆದವು. ಪತ್ರಿಕೆಯವರು ಫೋಟೋ ತೆಗೆದುಕೊಂಡು ಹೋದರು. ಮುಖ್ಯ ಕಚೇರಿಯಿಂದ ಅಭಿನಂದನೆ ಬಂತು. ಟೀವಿಯಲ್ಲಿ ಫೋರ್ಟ್ ಕೊಚ್ಚಿಯ ಹೆಂಗಸರು ಕೊಡ ಹಿಡಿದು ಟ್ಯಾಂಕರ್ ಮುಂದೆ ನಿಂತದ್ದನ್ನೂ ತೋರಿಸಿದರು. ಮೀನು ಮಾರುವ ಒಬ್ಬ ಮುದುಕಿ ಖಾಲಿ ಕೊಡವನ್ನು ಕ್ಯಾಮೆರಾಕ್ಕೆ ಹಿಡಿದು, ಮಕ್ಕಳಿಗೆ ಏನು ಕುಡಿಸಲಿ ಎಂದು ಬಯ್ಯುತ್ತಿದ್ದಳು. ಉಪೇಂದ್ರ ಟೀವಿ ಆರಿಸಿದ. ಚಂದ್ರಾವತಿ ಹಾಕಿ ಎಂದಳು. ಅವನು ಹಾಕಲಿಲ್ಲ. ಅಷ್ಟರಲ್ಲಿ ಮಳೆಗಾಲ ಹಿಡಿದು ಎಲ್ಲರ ಕೊಡಗಳೂ ತುಂಬಿದವು, ಜನ ಮರೆತರು. ಅವನಿಗೆ ಮಾತ್ರ ಆ ಮುದುಕಿಯ ಕೊಡ ಆಗಾಗ ನೆನಪಾಗುತ್ತಿತ್ತು.

ನಿಯಮದಂತೆ ಅಜಿತ್ ಮಾರನೆಯ ದಿನವೇ ಬೆಟ್ಟ ಹತ್ತಿ ಮಾಪಕ ಬಿಚ್ಚಿದ್ದ. ಜಾರಿನ ಫೋಟೋ ಬಂದಾಗ ಉಪೇಂದ್ರ ಅದನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದ. ಎಲೆಯಿಲ್ಲ, ಮಣ್ಣಿಲ್ಲ. ನೀರು ನಿಂತ ಗೆರೆ ಯಂತ್ರದ ಎಣಿಕೆಗೆ ಕೂದಲಷ್ಟೂ ವ್ಯತ್ಯಾಸವಿಲ್ಲದೆ ಹೊಂದಿತ್ತು. ಅಜಿತ್ ಕೂಡ ಕೆಳಗೆ ‘ಅಳತೆ ಸರಿ, ನೀರು ಸ್ವಚ್ಛ’ ಎಂದು ಬರೆದಿದ್ದ. ವರದಿಯ ಕೊನೆಯ ಪುಟಕ್ಕೆ, ಎಲ್ಲರ ಬಾಯಿ ಮುಚ್ಚಿಸುವ ಸಾಕ್ಷಿಯಾಗಿ, ಉಪೇಂದ್ರ ತನ್ನ ಕೈಯಾರೆ ಆ ಫೋಟೋ ಸೇರಿಸಿದ.

ಸಭೆ ತಿರುವನಂತಪುರದಲ್ಲಿ. ಹಿಂದಿನ ದಿನ ಡಾಕ್ಟರು ಫೋನ್ ಮಾಡಿ, ಸರದಿಯಲ್ಲಿ ಚಂದ್ರಾವತಿಯ ಮುಂದೆ ಈಗ ಒಬ್ಬರೇ ಇದ್ದಾರೆ, ಅವಳನ್ನು ದೂರ ಎಲ್ಲೂ ಕರೆದೊಯ್ಯಬೇಡಿ ಎಂದಿದ್ದರು. ಬೆಳಗಿನ ರೈಲಿನಲ್ಲಿ ಅಜಿತ್‌ನ ಜೊತೆ ಕೂತಷ್ಟು ಹೊತ್ತೂ ಉಪೇಂದ್ರನಿಗೆ ಎದೆ ಹಗುರವಾಗಿತ್ತು. ದಿಲ್ಲಿಯಿಂದ ಬಂದ ತಜ್ಞ ಡಾ. ಆಶಿಶ್ ಕೇರಳಕ್ಕೆ ಕಾಲಿಟ್ಟದ್ದು ಅದೇ ಮೊದಲು. ಮೇಜಿನ ಮೇಲಿದ್ದ ಗಾಜಿನ ಲೋಟ ಎತ್ತಿ, ಬೆಳಕಿಗೆ ಹಿಡಿದು, ಇದೇನು ಶರಬತ್ತೇ ಎಂದು ಕೇಳಿದರು. ಪತಿಮುಗಂ ಎಂದು ಯಾರೋ ವಿವರಿಸಿದರು. ಆತ ನಕ್ಕು ಲೋಟವನ್ನು ಪಕ್ಕಕ್ಕೆ ಸರಿಸಿ ಸೀಲ್ ಮಾಡಿದ ಬಾಟಲಿ ತರಿಸಿಕೊಂಡರು. ಉಪೇಂದ್ರನಿಗೂ ನಗು ಬಂತು. ಹೊಸಬರು ಎಂದುಕೊಂಡು ಅವನು ತನ್ನ ಲೋಟವನ್ನು ಒಂದೇ ಗುಟುಕಿಗೆ ಮುಗಿಸಿದ.

ಒಂದೊಂದೇ ಪುಟ ದಾಟುತ್ತಾ ಹೋಯಿತು. ಆಶಿಶ್ ತಲೆದೂಗುತ್ತಿದ್ದರು, ಯೋಜನೆ ಮುಂದುವರಿಯಬೇಕು ಎಂದು ಎರಡು ಸಲ ಹೇಳಿಯೂ ಬಿಟ್ಟರು. ಕೊನೆಯ ಪುಟದಲ್ಲಿ ಮುತ್ತನ್‌ಮುಡಿಯ ಜಾರು ಗೋಡೆಯಗಲ ನಿಂತಿತು. “ಜಾರಿನ ಅಳತೆಯೂ ಎಣಿಕೆಯೂ ಒಂದೇ ಸರ್,” ಎಂದ ಉಪೇಂದ್ರ. ಆಶಿಶ್ ಅಳತೆಯ ಗೆರೆ ನೋಡಲಿಲ್ಲ. ಗೋಡೆಯ ಮೇಲಿನ ಜಾರನ್ನು ನೋಡಿದರು, ತಾವು ಪಕ್ಕಕ್ಕೆ ಸರಿಸಿದ್ದ ಲೋಟವನ್ನು ನೋಡಿದರು, ಲೋಟವನ್ನು ಎತ್ತಿ ಜಾರಿನ ಪಕ್ಕಕ್ಕೆ ಬರುವಂತೆ ಹಿಡಿದರು. “ಮಿಸ್ಟರ್ ಉಪೇಂದ್ರ,” ಎಂದು ಮೆಲ್ಲಗೆ ಕೇಳಿದರು, “ನಿಮ್ಮ ಕೇರಳದಲ್ಲಿ ಮಳೆಯನ್ನೂ ಕುದಿಸಿಯೇ ಸುರಿಸುತ್ತಾರಾ?” ಅಜಿತ್ ಕುರ್ಚಿಯಿಂದ ಅರ್ಧ ಎದ್ದು ಹಾಗೇ ನಿಂತ. ಉಪೇಂದ್ರ ಗೋಡೆಯ ಕಡೆ ತಿರುಗಿದ. ಇಷ್ಟು ವರ್ಷ ಬರಿಯ ನೀರಾಗಿಯೇ ಕಂಡದ್ದು, ಆಲುವಾದ ಹೋಟೆಲಿನ ಮೊದಲ ದಿನದಂತೆ, ಈಗ ಗುಲಾಬಿಯಾಗಿ ಕಂಡಿತು. ಅವನ ಜೇಬಿನಲ್ಲಿ ಫೋನ್ ನಡುಗತೊಡಗಿತು. ತೆಗೆದು ನೋಡಿದ. ಆಸ್ಪತ್ರೆಯಿಂದ ಕರೆ ಬರುತ್ತಿತ್ತು.